ಅಳತೆ ಹೇಳಿ, ಆಮೇಲೆ ಮಾತು

ನಮ್ಮ ಮಾವನ ಕೊರಳಲ್ಲಿ ಯಾವಾಗಲೂ ಒಂದು ಟೇಪು ನೇತಾಡುತ್ತಿರುತ್ತದೆ. ಅವರು ಟೈಲರ್, ಅಂಗಡಿಯಲ್ಲಿದ್ದಾಗ ಇರಲಿ ಬಿಡಿ. ಊಟಕ್ಕೆ ಕೂತಾಗಲೂ ಇರುತ್ತದೆ. ಹಲ್ಲು ನೋವೆಂದು ನಾನು ಕೆಲಸ ಮಾಡುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬಂದಾಗಲೂ ಇತ್ತು. ಡಾಕ್ಟರು ಇವರ ಬಾಯಿ ತೆಗೆಸಿ ಹಲ್ಲು ನೋಡುತ್ತಿದ್ದರೆ, ಇವರು ಕುರ್ಚಿಯಲ್ಲಿ ಮಲಗಿಕೊಂಡೇ ಡಾಕ್ಟರ ಬಿಳಿ ಕೋಟು ನೋಡುತ್ತಿದ್ದರು. ಬಾಯಿ ಮುಚ್ಚಲು ಅಪ್ಪಣೆ ಸಿಕ್ಕ ಕೂಡಲೇ ಅವರು ಮಾತಾಡಿದ್ದು ಹಲ್ಲಿನ ವಿಷಯವಲ್ಲ. “ಬಲಗೈ ತೋಳು ಕಾಲಿಂಚು ಉದ್ದ ಆಗಿದೆ ಡಾಕ್ಟ್ರೇ, ಯಾರು ಹೊಲಿದಿದ್ದು?” ಎಂದರು. ನಾನು ರಿಸೆಪ್ಷನ್ ಮೇಜಿನ ಹಿಂದೆ ತಲೆ ಬಗ್ಗಿಸಿ ಕೂತೆ.

ಮನುಷ್ಯರ ಹೆಸರು ಅವರ ತಲೆಗೆ ಹತ್ತುವುದಿಲ್ಲ. ಅಳತೆ ಮಾತ್ರ ಒಮ್ಮೆ ತೆಗೆದರೆ ಮುಗಿಯಿತು, ಜನ್ಮದಲ್ಲಿ ಮರೆಯುವವರಲ್ಲ. ನಾನು ಈ ಮನೆಗೆ ಬಂದ ಹೊಸದರಲ್ಲಿ, “ಅದೇ ಕಣಮ್ಮ, ನಲವತ್ತೆರಡು ಎದೆ, ಗಿಡ್ಡ ಕತ್ತು, ಬಂದಿದ್ರು” ಎಂದು ಹೇಳುತ್ತಿದ್ದರು. ನಾನು ಪಿಳಿಪಿಳಿ ಕಣ್ಣು ಬಿಡುತ್ತಿದ್ದೆ. ಅಡುಗೆಮನೆಯಿಂದ ಅತ್ತೆ, “ಗ್ಯಾಸಿನವರು” ಎಂದು ಬಿಡಿಸಿ ಹೇಳುತ್ತಿದ್ದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಇಸ್ತ್ರಿಪೆಟ್ಟಿಗೆ, ಹ್ಯಾಂಗರಿನಲ್ಲಿ ತೂಗಾಡುವ ಅರ್ಧ ಹೊಲಿದ ಪ್ಯಾಂಟುಗಳು, ಎರಡು ಹೊಲಿಗೆ ಯಂತ್ರ. ಬಾಗಿಲ ಪಕ್ಕದ ಯಂತ್ರದಲ್ಲಿ ಮಾವ ಕೂರುತ್ತಾರೆ. ಕಿಟಕಿ ಪಕ್ಕದ್ದು ಅವರ ತಮ್ಮನದು, ಅಂದರೆ ನನಗೆ ಚಿಕ್ಕಮಾವನದು. ಅದರ ಮೇಲೆ ಹಳೆಯ ದುಪ್ಪಟಿ ಹೊದಿಸಿದೆ. ಚಿಕ್ಕಮಾವನನ್ನು ನಾನು ನೋಡಿದವಳೇ ಅಲ್ಲ. ನನ್ನ ಮದುವೆಗೆ ಬಹಳ ಮುಂಚೆಯೇ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು.

ಜಗಳಕ್ಕೆ ಕಾರಣ ಒಂದು ಗುಂಡಿ. ಬ್ಯಾಂಡ್ ಮಾಸ್ತರರೊಬ್ಬರು ಕೋಟು ಹೊಲಿಯಲು ಕೊಟ್ಟಿದ್ದರಂತೆ. ಮೂರು ಗುಂಡಿ ಹಾಕಿದರೇ ಅದು ಕೋಟು ಎಂದು ಮಾವ. ಎರಡು ಹಾಕಿದರೇ ಲಕ್ಷಣ, ಮೂರು ಹಾಕಿದರೆ ಚೀಲ ಎಂದು ಚಿಕ್ಕಮಾವ. ಮಾತಿಗೆ ಮಾತು ಬೆಳೆಯಿತು. ಗುಂಡಿಯಿಂದ ಶುರುವಾದದ್ದು ನೀನು ಯಾರು, ನಾನು ಯಾರು ಎಂಬಲ್ಲಿಗೆ ಮುಟ್ಟಿತು. ಚಿಕ್ಕಮಾವ ತನ್ನ ಕತ್ತರಿ ಎತ್ತಿಕೊಂಡು ಬೇರೆ ಊರಿಗೆ ಹೋದವರು ಅಲ್ಲೇ ಒಂದು ಸಿದ್ಧ ಉಡುಪಿನ ಕಾರ್ಖಾನೆ ಸೇರಿಕೊಂಡರು. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಪಾಪ, ಬ್ಯಾಂಡ್ ಮಾಸ್ತರರು ಗುಂಡಿಯೇ ಇಲ್ಲದ ಕೋಟು ತೊಟ್ಟು, ಒಂದು ಕೈಯಲ್ಲಿ ಎದೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬ್ಯಾಂಡ್ ನಡೆಸಿದರೆಂದು ಅತ್ತೆ ಹೇಳುತ್ತಾರೆ. ಅತ್ತೆಯ ಮಾತಿಗೆ ಸ್ವಲ್ಪ ಉಪ್ಪುಖಾರ ಇದ್ದೇ ಇರುತ್ತದೆ.

ತಮ್ಮನ ಸುದ್ದಿ ಎತ್ತಿದರೆ ಮಾವ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಆದರೆ ಆ ಯಂತ್ರಕ್ಕೆ ಎಣ್ಣೆ ಬಿಡುವುದನ್ನು ಮಾತ್ರ ತಪ್ಪಿಸಿದವರಲ್ಲ. “ತುಕ್ಕು ಹಿಡೀಬಾರದು ಅಂತ ಅಷ್ಟೇ” ಎನ್ನುತ್ತಿದ್ದರು, ಯಾರೂ ಏನೂ ಕೇಳದಿದ್ದರೂ.

ಇಂಥವರ ಕೈಗೆ ನಾನು ಮೊಬೈಲು ಕೊಟ್ಟೆ. ಗಿರಾಕಿಗಳು ಬಟ್ಟೆ ಆಯಿತೇ ಎಂದು ವಿಚಾರಿಸಲು ಮನೆಗೆ ಬಂದು ಬಂದು ಅತ್ತೆಯ ತಲೆ ತಿನ್ನುತ್ತಿದ್ದರು, ಅದು ತಪ್ಪಲಿ ಎಂದು. ಬೇಕಾದವರ ನಂಬರುಗಳನ್ನು ನಾನೇ ಕೂತು ಹಾಕಿಕೊಟ್ಟೆ. ಎಲ್ಲ ಮುಗಿದ ಮೇಲೆ ಮಾವ ಕಿಟಕಿಯ ಕಡೆ ನೋಡುತ್ತಾ ಯಾರಿಂದಲೋ ತಿಳಿದುಕೊಂಡಿದ್ದ ಒಂದು ನಂಬರನ್ನು ಬಾಯಿಪಾಠ ಒಪ್ಪಿಸಿದರು.

“ಯಾರದು ಮಾವ? ಏನು ಹೆಸರು ಹಾಕ್ಲಿ?”

“ಹೆಸರೇನೂ ಬೇಡ.”

“ಹೆಸರಿಲ್ಲದೆ ಹಾಕೋಕೆ ಆಗಲ್ಲ.”

ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಎರಡು ಗುಂಡಿ ಅಂತ ಹಾಕು” ಎಂದರು. ನಾನು ಹಾಕಿದೆ. ಆ ನಂಬರಿಗೆ ಅವರು ಒಂದು ದಿನವೂ ಫೋನು ಮಾಡಲಿಲ್ಲ. ಆಗಾಗ ತೆಗೆದು ನೋಡುತ್ತಿದ್ದರು, ಅಷ್ಟೇ.

ಇನ್ನು ಫೋನು ಬಳಸಿದ ಚೆಂದವನ್ನು ಹೇಳುತ್ತೇನೆ ಕೇಳಿ. ಚಾರ್ಜು ಸುಮ್ಮನೆ ಖರ್ಚು ಮಾಡಬಾರದು ಎಂದು ನಾನು ಹೇಳಿದ್ದೇ ತಪ್ಪಾಯಿತು. ಕೋಣೆಯಿಂದ ಹೊರಗೆ ಬರುವಾಗ ದೀಪ ಆರಿಸುವಂತೆ, ಮಾತು ಮುಗಿದ ಕೂಡಲೇ ಫೋನನ್ನೇ ಆರಿಸಿಬಿಡುತ್ತಿದ್ದರು. ಗಿರಾಕಿಗಳು ಪುನಃ ಮನೆ ಬಾಗಿಲಿಗೆ ಬಂದರು. ಅದನ್ನು ಬಿಡಿಸಲು ನನಗೆ ಸಾಕುಸಾಕಾಯಿತು. ಆಮೇಲೆ ಫೋನು ಕೆಳಗೆ ಬಿದ್ದು ಒಡೆಯಬಾರದು ಎಂದಿದ್ದಕ್ಕೆ, ಕೋಟಿನ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದರು. ಒಳಗೆ ಲೈನಿಂಗ್, ಅಂಚಿಗೆ ಕೈಹೊಲಿಗೆ, ಮುಂದೆ ಮೂರು ಗುಂಡಿ. ಫೋನು ಬಡಿದುಕೊಂಡರೆ ಮೊದಲನೆಯ ಗುಂಡಿ ಬಿಚ್ಚಿ, ಎರಡನೆಯದು ಬಿಚ್ಚಿ, ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅತ್ತಕಡೆಯವರಿಗೆ ಸಾಕಾಗಿ ಇಟ್ಟುಬಿಡುತ್ತಿದ್ದರು.

“ಎರಡು ಗುಂಡಿ ಸಾಕಾಗಿತ್ತಲ್ಲ ಮಾವ” ಎಂದುಬಿಟ್ಟೆ. ಅವರ ಮುಖ ಸಪ್ಪಗಾಯಿತು. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಾನು ನಾಲಿಗೆ ಕಚ್ಚಿಕೊಂಡು ಒಳಗೆ ಹೋದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಫೋನಿನಲ್ಲಿ ಮೋಸ ಮಾಡುವವರು ಹೆಚ್ಚಾಗಿದ್ದಾರೆಂದು ಅವರಿಗೆ ಸುರಕ್ಷತೆಯ ಪಾಠ ಮಾಡಲು ಕೂತೆ. ಓಟಿಪಿ ಯಾರಿಗೂ ಹೇಳಬೇಡಿ ಎಂದೆ. ಮಾರನೆಯ ವಾರ ಅವರಿಗೇ ಬೇಕಾಗಿದ್ದ ದಾರದ ಪೆಟ್ಟಿಗೆ ಮನೆಗೆ ಬಂತು. ಕೊಡಲು ಬಂದವನು ಮಾವನ ಫೋನಿಗೆ ಬಂದ ಓಟಿಪಿ ಕೇಳಿದ. ನಾನೂ ಬೇಡಿಕೊಂಡೆ. “ಯಾರಿಗೂ ಅಂದ್ರೆ ನಿನಗೂ ಸೇರಿತಲ್ಲಮ್ಮ” ಎಂದು ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡರು. ದಾರ ಬಂದ ದಾರಿಯಲ್ಲೇ ವಾಪಸು ಹೋಯಿತು. ಫೋನು ತೆರೆಯುವ ಪಿನ್ ನಂಬರು ಗುಟ್ಟಾಗಿರಬೇಕೆಂದೆ. ಅದನ್ನು ಒತ್ತುವಾಗ ಎದುರಿಗಿದ್ದವರಿಗೆಲ್ಲ “ಸ್ವಲ್ಪ ಆ ಕಡೆ ತಿರುಗಿ” ಎನ್ನುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಗಳು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಯ ಪಾಠ ಹೀಗಿತ್ತು. “ಈಗ ದನಿ ಕೂಡ ನಕಲು ಮಾಡ್ತಾರೆ ಮಾವ. ನಿಮ್ಮ ಮಗನ ಥರಾನೇ ಮಾತಾಡಿ, ಆಸ್ಪತ್ರೇಲಿದ್ದೀನಿ, ಸ್ಟೇಷನ್ನಲ್ಲಿದ್ದೀನಿ ಅಂತಾರೆ. ದನಿ ನಂಬಬೇಡಿ. ನಮ್ಮವರಿಗೆ ಮಾತ್ರ ಗೊತ್ತಿರೋ ಏನಾದ್ರೂ ಒಂದು ಪ್ರಶ್ನೆ ಕೇಳಿ. ತಪ್ಪು ಉತ್ತರ ಬಂದ್ರೆ ನಂಬರನ್ನ ಬ್ಲಾಕ್ ಮಾಡಿ.” ಬ್ಲಾಕ್ ಮಾಡುವುದನ್ನೂ ತೋರಿಸಿಕೊಟ್ಟೆ. ಅದು ಅವರಿಗೆ ಬಹಳ ಹಿಡಿಸಿತು.

ಟೈಲರ್ ಬೇರೆ ಯಾವ ಪ್ರಶ್ನೆ ಕೇಳಿಯಾನು? ಒಂದು ದಿನ ನಿಜವಾಗಿಯೂ ಅಂಥ ಫೋನು ಬಂತು. “ಅಪ್ಪಾ, ನಾನು, ಪೊಲೀಸ್ನೋರು ಹಿಡ್ಕೊಂಡಿದ್ದಾರೆ” ಎಂದು ಒಬ್ಬ ಅಳುತ್ತಿದ್ದ.

“ಸೊಂಟ ಎಷ್ಟು?” ಎಂದರು ಮಾವ.

“ಏನು?”

“ನಿನ್ನ ಸೊಂಟ ಎಷ್ಟು ಹೇಳು.”

ಅವನು ಅಳು ನಿಲ್ಲಿಸಿ ಯೋಚನೆ ಮಾಡಿದ. “ಮೂವತ್ತು.”

“ನನ್ನ ಮಗನ ಸೊಂಟ ಮೂವತ್ತಿದ್ದಿದ್ದು ಮದುವೆಗೆ ಮುಂಚೆ ಕಣೋ, ಕಳ್ಳ ನನ್ನ ಮಗನೇ! ಈಗ ಬಂದು ನೋಡು, ಹೋದ ತಿಂಗಳು ಅಳೆದಿದ್ದೀನಿ, ಮೂವತ್ತೆಂಟು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಫೋನು ಇಟ್ಟರು. ಅದೇ ಹೊತ್ತಿಗೆ ಕೆಲಸ ಮುಗಿಸಿ ಬರುತ್ತಿದ್ದ ನನ್ನ ಗಂಡ ಗೇಟಿನಲ್ಲೇ ಹೊಟ್ಟೆ ಒಳಗೆಳೆದುಕೊಂಡು ನಿಂತರು.

ಅಂದಿನಿಂದ ಮಾವನನ್ನು ಹಿಡಿಯುವವರೇ ಇಲ್ಲ. ಗೊತ್ತಿಲ್ಲದ ನಂಬರಿಂದ ಯಾರೇ ಮಾಡಲಿ, ಅಳತೆ ಹೇಳಿ, ಆಮೇಲೆ ಮಾತು. ಹೇಳದವರೆಲ್ಲ ಬ್ಲಾಕ್. ನನ್ನನ್ನೂ ಬಿಡಲಿಲ್ಲ. ಒಂದು ದಿನ ನನ್ನ ಫೋನು ಕೆಟ್ಟು, ಬರುವುದು ತಡವಾಗುತ್ತದೆ ಎಂದು ಹೇಳಲು ಡಾಕ್ಟರ ಫೋನಿನಿಂದ ಮಾಡಿದೆ. “ತೋಳು ಎಷ್ಟು?” ಎಂದರು. “ಅಯ್ಯೋ ಮಾವ, ನನಗೆ ಹೇಗೆ ಗೊತ್ತಿರತ್ತೆ, ನೀವಲ್ವಾ ಹೊಲಿಯೋದು!” ಎಂದೆ. “ಎಲ್ಲಾ ಕಳ್ಳರೂ ಹೀಗೇ ಹೇಳೋದು” ಎಂದು ಇಟ್ಟುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರ ನಂಬರು ಇವತ್ತಿಗೂ ನಮ್ಮ ಮಾವನ ಫೋನಿನಲ್ಲಿ ಕಳ್ಳರ ಸಾಲಿನಲ್ಲೇ ಇದೆ.

ಇದೆಲ್ಲ ನಗುವ ವಿಷಯವೆಂದೇ ನಾನು ತಿಳಿದಿದ್ದೆ, ಆ ಮಧ್ಯಾಹ್ನದವರೆಗೆ. ಕ್ಲಿನಿಕ್ಕು ಮಧ್ಯಾಹ್ನ ಮುಚ್ಚುವುದರಿಂದ ನಾನು ಊಟಕ್ಕೆ ಮನೆಗೆ ಬಂದಿದ್ದೆ. ಮಾವ ಅನ್ನ ಕಲಸುತ್ತಾ, ಗೆದ್ದು ಬಂದವರ ಖುಷಿಯಲ್ಲಿದ್ದರು.

“ಇವತ್ತೊಬ್ಬ ಸಿಕ್ಕಿದ್ದ ನೋಡು. ಬಹಳ ಪಳಗಿದ ಕಳ್ಳ. ನನ್ನ ತಮ್ಮ ಅಂತೆ!”

ಅತ್ತೆ ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿದರು. “ಏನಂದ?”

“ಏನಂತಾನೆ, ಅದೇ ಹಳೇ ರಾಗ. ಅಣ್ಣಾ, ನಿನ್ನ ನಂಬರು ನೆಂಟರ ಹತ್ರ ಇಸ್ಕೊಂಡಿದ್ದೆ, ಆಸ್ಪತ್ರೇಲಿದ್ದೀನಿ, ನಾಳೆ ಬೆಳಿಗ್ಗೆ ಹೊಟ್ಟೆ ಆಪರೇಷನ್ನು, ನನ್ನ ಫೋನು ಚಾರ್ಜಿಲ್ಲದೆ ಸತ್ತಿದೆ, ಪಕ್ಕದ ಹಾಸಿಗೆಯವರ ಫೋನಿಂದ ಮಾಡ್ತಿದ್ದೀನಿ, ಒಳಗೆ ಹೋಗೋಕೆ ಮುಂಚೆ ನಿನ್ನ ದನಿ ಕೇಳಬೇಕು ಅನ್ನಿಸ್ತು. ದನಿ ಕೂಡ ಹಾಗೇ ಇತ್ತು. ನಾನು ಬಿಡ್ತೀನಾ? ಈಗ ದನಿ ನಂಬೋ ಹಾಗಿಲ್ಲ, ಎದೆ ಎಷ್ಟು ಹೇಳು ಅಂದೆ. ಮೂವತ್ನಾಲ್ಕು ಅಂದ! ನನ್ನ ತಮ್ಮನ ಎದೆ ನಲವತ್ತು ಕಣಯ್ಯ, ಯಾರ ಹತ್ರ ಆಟ ಆಡ್ತೀಯ, ಕಳ್ಳ ಅಂದೆ. ಆಗ ಮಾತು ತಿರುಗಿಸಿದ. ಎಡಭುಜ ಅರ್ಧ ಇಂಚು ಇಳಿದಿದೆ ಅಂತ ಏನೋ ಹೇಳೋಕೆ ಬಂದ. ಬ್ಲಾಕ್ ಮಾಡಿ ಬಿಸಾಕಿದೆ.”

ತುತ್ತು ಬಾಯಿಗಿಟ್ಟರು. ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿದರು.

“ಎಡಭುಜ ಇಳಿದಿರೋದು ಅವನಿಗೆ ಹೇಗೆ ಗೊತ್ತಾಯ್ತು?” ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. “ಅದು ನನಗೂ ಅವನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಯಾರಿಗೂ ಕಾಣಬಾರದು ಅಂತ ಆ ಕಡೆ ಒಳಗೊಂದು ಪ್ಯಾಡು ಇಟ್ಟು ಹೊಲೀತಿದ್ದೆ.”

“ನನಗೇ ಗೊತ್ತಿರಲಿಲ್ಲ” ಎಂದರು ಅತ್ತೆ.

“ಮತ್ತೆ ಎದೆ ಮೂವತ್ನಾಲ್ಕು ಯಾಕಂದ?”

ಅತ್ತೆ ಸೌಟನ್ನು ಪಾತ್ರೆಗೆ ಕುಕ್ಕಿದರು. “ಮಗನ ಸೊಂಟ ಹಿಗ್ಗೋದು ಗೊತ್ತಾಗತ್ತೆ ನಿಮಗೆ, ತಮ್ಮನ ಎದೆ ಕುಗ್ಗೋದು ಗೊತ್ತಾಗಲ್ವೇನ್ರೀ? ಮಗನನ್ನ ತಿಂಗಳು ತಿಂಗಳು ಅಳೀತೀರಿ. ಅವನನ್ನ ಅಳೆದು ಎಷ್ಟು ಕಾಲ ಆಯ್ತು?”

ಮಾವ ಎದ್ದ ರಭಸಕ್ಕೆ ತಟ್ಟೆ ಮಗುಚಿತು. ಎಂಜಲ ಕೈಯನ್ನು ಮೇಲೆತ್ತಿಕೊಂಡು, ಎಡಗೈಯಲ್ಲಿ ಚೀಲದ ಗುಂಡಿ ಬಿಚ್ಚಲು ಹೋದರು. ಒಂದು ಬಿಚ್ಚಿತು, ಎರಡನೆಯದು ಸಿಕ್ಕಿಕೊಂಡು ಹೇಗೋ ಬಿಚ್ಚಿತು, ಮೂರನೆಯದನ್ನು ಹಲ್ಲಿನಿಂದ ಕಿತ್ತರು. ಫೋನನ್ನು ನನ್ನ ಕೈಗೆ ತುರುಕಿದರು. “ತೆಗಿಯಮ್ಮ, ಬೇಗ ತೆಗಿ.”

“ಪಿನ್ನು ಮಾವ?”

ನಾನು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗುತ್ತಿದ್ದೆ. “ತಿರುಗಬೇಡ” ಎಂದರು. “ನಲವತ್ತು, ಮೂವತ್ತೆರಡು.”

ಗಿರಾಕಿಗಳಿಗೆ ಗೊತ್ತಾಗಬಾರದೆಂದು ಅವರು ಇಷ್ಟು ದಿನ ಬಚ್ಚಿಟ್ಟಿದ್ದದ್ದು ಚಿಕ್ಕಮಾವನ ಎದೆ ಮತ್ತು ಸೊಂಟ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅಳುವುದಕ್ಕೆ ಹೊತ್ತಿರಲಿಲ್ಲ.

‘ಎರಡು ಗುಂಡಿ’ ನಂಬರಿಗೆ ಮಾಡಿದೆ. ಸ್ವಿಚ್ ಆಫ್. ಫೋನು ಸತ್ತಿದೆ ಎಂದಿದ್ದು ನಿಜವೇ ಆಯಿತು. ಬಂದ ಕರೆಗಳ ಪಟ್ಟಿ ನೋಡಿದರೆ ಖಾಲಿ. ಕಳ್ಳರ ಗುರುತೂ ಉಳಿಯಬಾರದೆಂದು ಮಾವ ಅದನ್ನು ಅಳಿಸಿ ತೊಳೆದಿಟ್ಟಿದ್ದರು. ಉಳಿದದ್ದು ಬ್ಲಾಕ್ ಮಾಡಿದ ನಂಬರುಗಳು. ತೆಗೆದು ನೋಡಿ ತಲೆ ತಿರುಗಿತು. ಅರ್ಧ ಊರೇ ಅಲ್ಲಿತ್ತು, ಒಂದಕ್ಕೂ ಹೆಸರಿಲ್ಲ, ಯಾವಾಗ ಬಂದದ್ದೆಂಬ ಗುರುತೂ ಇಲ್ಲ.

“ಇದರಲ್ಲಿ ಯಾವುದು ಮಾವ?”

“ನನಗೇನು ಗೊತ್ತು? ನಂಬರಿಗೆ ಎದೆ ಇದೆಯಾ, ಸೊಂಟ ಇದೆಯಾ, ನೆನಪಿಟ್ಟುಕೊಳ್ಳೋಕೆ!”

ಒಂದೊಂದನ್ನೇ ಬ್ಲಾಕಿನಿಂದ ಬಿಡಿಸಿ ಫೋನು ಮಾಡುತ್ತಾ ಹೋದೆ. ಮೊದಲು ಸಿಕ್ಕಿದವಳು ವಿಮೆ ಮಾರುವ ಹುಡುಗಿ. ತಾನಾಗಿಯೇ ಒಬ್ಬ ಗಿರಾಕಿ ಫೋನು ಮಾಡಿದ ಸಂತೋಷಕ್ಕೆ ಅವಳು ಉಸಿರು ಬಿಡದೆ ಮಾತಾಡತೊಡಗಿದಳು, ಇಡಲು ಮನಸ್ಸಾಗದಷ್ಟು ಅಕ್ಕರೆಯಿಂದ. ಆಮೇಲೆ ಜಿಪ್ಪು ಮಾರುವ ಸಗಟು ವ್ಯಾಪಾರಿ ಸಿಕ್ಕಿದರು. “ನನ್ನ ತೊಡೆ ಅಳತೆ ಕೇಳ್ತಾರಲ್ಲಮ್ಮ ನಿಮ್ಮ ಮಾವ, ಏನು ತಿಳ್ಕೊಂಡಿದ್ದಾರೆ ನನ್ನ?” ಎಂದು ಹರಿಹಾಯ್ದರು. ಮತ್ತೊಂದು ನಂಬರು ಅತ್ತೆಯ ಸ್ವಂತ ಅಣ್ಣನದು. ಅತ್ತೆ ಅದನ್ನು ಗುರುತು ಹಿಡಿದು ಮಾವನನ್ನು ನೋಡಿದರು. “ಅವನ ಕತ್ತು ಅವನಿಗೇ ಗೊತ್ತಿರಲಿಲ್ಲ ಕಣೇ” ಎಂದು ಮಾವ ಗೊಣಗಿದರು. ಆ ಲೆಕ್ಕ ಆಮೇಲೆ ತೀರಿಸಿಕೊಳ್ಳುವ ಮುಖ ಮಾಡಿ ಅತ್ತೆ ಮುಂದಿನ ನಂಬರಿಗೆ ಬೆರಳು ತೋರಿಸಿದರು.

ಅನ್ನ ಮಾವನ ಕೈಯಲ್ಲೇ ಒಣಗಿತ್ತು. ಒಂದೊಂದು ನಂಬರೂ ಬೇರೆಯವರದಾದಾಗ ಅವರು ಇನ್ನಷ್ಟು ಸಣ್ಣಗಾಗುತ್ತಿದ್ದರು. “ಕಳ್ಳ ಅಂದುಬಿಟ್ಟೆನಲ್ಲಮ್ಮ. ನಾಳೆ ಏನಾದ್ರೂ ಆದ್ರೆ, ಅವನು ಕೇಳಿಸ್ಕೊಂಡು ಹೋಗೋ ಕೊನೇ ಮಾತು ಅದೇ ಆಗತ್ತೆ” ಎಂದರು. ಪಾಠ ಹೇಳಿಕೊಟ್ಟವಳು ನಾನು ತಾನೆ.

ಇನ್ನೊಂದು ನಂಬರು. ಯಾರೋ ಕೆಮ್ಮುತ್ತಾ ಎತ್ತಿದರು. “ಆಸ್ಪತ್ರೇನಾ?” ಎಂದೆ. “ಹೌದು, ಯಾರು ಬೇಕು?” ಎಂದರು. “ನಿಮ್ಮ ಪಕ್ಕದ ಹಾಸಿಗೆಯವರು, ಟೈಲರು” ಎಂದೆ. “ಓ, ಅವರಾ? ಅಣ್ಣನಿಗೆ ಫೋನು ಮಾಡಿ ಬೈಸಿಕೊಂಡು ಆ ಕಡೆ ಮುಖ ಮಾಡಿ ಮಲಗಿದ್ದಾರೆ. ಇರಿ, ಕೊಡ್ತೀನಿ.” ನಾನು ಸ್ಪೀಕರ್ ಹಾಕಿ ಫೋನನ್ನು ಮಾವನ ಮುಂದೆ ಹಿಡಿದೆ.

“ಹಲೋ” ಎಂದಿತು ಒಂದು ಬಡಕಲು ದನಿ.

“ನಾನು ಕಣೋ” ಎಂದರು ಮಾವ.

ಅತ್ತಕಡೆಯಿಂದ, “ನಾನು ಅಂದ್ರೆ ಯಾರು? ಈಗ ದನಿ ನಂಬೋ ಹಾಗಿಲ್ಲ. ಕತ್ತಿನ ಅಳತೆ ಹೇಳಿ.”

ಮಾವ ನಮ್ಮಿಬ್ಬರ ಮುಖ ನೋಡಿದರು. ಊರಿನವರ ಅಳತೆಯೆಲ್ಲ ಬಾಯಲ್ಲಿದ್ದ ಮನುಷ್ಯನಿಗೆ ತನ್ನ ಕತ್ತಿನದು ಗೊತ್ತಿರಲಿಲ್ಲ. ಕೊರಳಲ್ಲಿದ್ದ ಟೇಪನ್ನು ಅಲ್ಲೇ ಸುತ್ತಿಕೊಂಡು, ಕಣ್ಣಿಗೆ ಕಾಣದೆ ನನ್ನ ಕಡೆ ಬಗ್ಗಿದರು. ನಾನು ಓದಿ ಹೇಳಿದೆ.

“ಹದಿನಾಲ್ಕೂವರೆ” ಎಂದರು ಮಾವ.

“ನಮ್ಮಣ್ಣಂದು ಹದಿನಾರು. ಇದು ಯಾವನೋ ಕಳ್ಳ.”

ಮಾವ ಟೇಪಿನ ತುದಿ ಹಿಡಿದುಕೊಂಡೇ ನಿಂತರು. “ಇಬ್ಬರೂ ಇಳಿದುಹೋಗಿದ್ದೀವಿ ಕಣೋ” ಎಂದರು. ಅತ್ತಲಿಂದ ನಗುವೋ ಅಳುವೋ ಗೊತ್ತಾಗದ ಒಂದು ಸದ್ದು ಬಂತು. “ನಗಿಸಬೇಡ ಅಣ್ಣಾ, ಹೊಟ್ಟೆ ನೋಯತ್ತೆ” ಎಂದರು ಚಿಕ್ಕಮಾವ. ಮಾವ ಎಂಜಲ ಕೈಯಿಂದಲೇ ಕಣ್ಣೊರೆಸಿಕೊಂಡರು. ಮೀಸೆಗೆಲ್ಲ ಅನ್ನ ಮೆತ್ತಿಕೊಂಡಿತು.

“ಸಂಜೆ ಬಸ್ಸಿಗೆ ಹೊರಡ್ತೀನಿ” ಎಂದರು. “ಬೆಳಿಗ್ಗೆ ನೀನು ಒಳಗೆ ಹೋಗೋ ಹೊತ್ತಿಗೆ ಬಾಗಿಲಲ್ಲಿರ್ತೀನಿ. ಹೆದರ್ಕೋಬೇಡ. ಮತ್ತೆ, ಆ ಕೋಟಿಗೆ...” ಟೇಪನ್ನು ಕತ್ತಿನಿಂದ ಬಿಚ್ಚಿದರು. “ಆ ಕೋಟಿಗೆ ಎರಡು ಗುಂಡಿ ಸಾಕಾಗಿತ್ತು ಕಣೋ.”

“ಇಲ್ಲ ಬಿಡು, ಮೂರೇ ಸರಿ” ಎಂದರು ಚಿಕ್ಕಮಾವ. “ಎರಡು ಅಂತ ಹೇಳ್ತಿದ್ದೀನಲ್ಲ!” ಎಂದು ಮಾವ ದನಿ ಏರಿಸಿದರು. ಅತ್ತೆ ಫೋನು ಕಸಿದುಕೊಂಡು, ಆಸ್ಪತ್ರೆಯ ಹೆಸರಷ್ಟೇ ಕೇಳಿ ಇಟ್ಟುಬಿಟ್ಟರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಚೀಲಕ್ಕೆ ಬಟ್ಟೆ, ಟವೆಲು ಮತ್ತು ಎರಡು ಚಾರ್ಜರು ತುಂಬುತ್ತಿದ್ದಾಗ ಅಂಗಡಿಯಿಂದ ಯಂತ್ರದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮಾವ ಒಂದು ಮೆತ್ತನೆಯ ಬಿಳಿ ಅಂಗಿ ಹೊಲಿಯುತ್ತಿದ್ದರು. ಆಪರೇಷನ್ ಆದವರಿಗೆ ತಲೆಯ ಮೇಲಿಂದ ಹಾಕಲು ಕಷ್ಟವೆಂದು ಮುಂದೆ ಪೂರ್ತಿ ತೆರೆದ ಅಂಗಿ. ಎಡಭುಜದ ಒಳಗೆ ಅರ್ಧ ಇಂಚಿನ ಪ್ಯಾಡು. ಅತ್ತೆ ಬಟ್ಟೆಯನ್ನು ಎತ್ತಿ ಹಿಡಿದು ನೋಡಿದರು.

“ಮೂವತ್ನಾಲ್ಕಕ್ಕೆ ಇಷ್ಟೊಂದು ಬಟ್ಟೆ ಯಾಕ್ರೀ?”

“ಹೊಲಿಗೆ ಮೂವತ್ನಾಲ್ಕಕ್ಕೇ ಹಾಕಿದ್ದೀನಿ” ಎಂದರು ಮಾವ, ತಲೆಯೆತ್ತದೆ. “ಒಳಗೆ ನಲವತ್ತರಷ್ಟು ಬಟ್ಟೆ ಬಿಟ್ಟಿದ್ದೀನಿ. ಮೈ ಕೈ ತುಂಬ್ಕೊಂಡ ಹಾಗೆ ಬಿಚ್ಚಿ ಬಿಚ್ಚಿ ಹೊಲಿದುಕೊಟ್ರಾಯ್ತು.”

ಇದೆಲ್ಲ ಆಗಿ ಕೆಲವು ತಿಂಗಳಾಯಿತು. ಫೋನಿನ ಚೀಲಕ್ಕೆ ಈಗ ಎರಡೇ ಗುಂಡಿ. ಹಲ್ಲಿನಿಂದ ಕಿತ್ತದ್ದನ್ನು ಮಾವ ತಿರುಗಿ ಹಾಕಲೇ ಇಲ್ಲ, ಹಾಗಾಗಿ ಕರೆ ನಿಲ್ಲುವುದರೊಳಗೆ ಫೋನು ಹೊರಗೆ ಬರುತ್ತದೆ. ಚಿಕ್ಕಮಾವ ಪೂರ್ತಿ ಚೇತರಿಸಿಕೊಂಡ ಮೇಲೆ ಕಿಟಕಿ ಪಕ್ಕದ ಯಂತ್ರಕ್ಕೆ ಬರುವುದೆಂದು ಮಾತಾಗಿದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಫೋನು. ಕ್ಷೇಮವೇ, ಊಟವಾಯಿತೇ ಎಂದೆಲ್ಲ ಮಾವ ಕೇಳುವವರಲ್ಲ. ಎತ್ತಿದ ಕೂಡಲೇ “ಎದೆ ಎಷ್ಟು?” ಎನ್ನುತ್ತಾರೆ. ಹೋದ ವಾರ ಅತ್ತಲಿಂದ “ಮೂವತ್ತಾರು” ಎಂದು ಕೇಳಿಸಿತು. ಮಾವ ಮಾರನೆಯ ದಿನವೇ ಬಸ್ಸು ಹತ್ತಿ ಹೋಗಿ ಅಂಗಿಯ ಹೊಲಿಗೆಯನ್ನು ಎರಡೂ ಕಡೆ ಬಿಚ್ಚಿ ಹಾಕಿಕೊಟ್ಟು ಬಂದರು. ಒಳಗೆ ಇನ್ನೂ ಬಟ್ಟೆ ಇದೆಯಂತೆ.